ಕೊಲ್ಲುವ ಚಿಂಪಾಂಜಿ, ಕೂಡಿ ಬಾಳುವ ಬೊನೊಬೊ: ನಮ್ಮ ಪೂರ್ವಜರು ಯಾರಂತಿದ್ದರು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಚಿಂಪಾಂಜಿಗಳು ಗುಂಪು ಕಟ್ಟಿಕೊಂಡು ಹೋಗಿ ನೆರೆಗುಂಪಿನ ಚಿಂಪಾಂಜಿಗಳನ್ನು ಕೊಲ್ಲುತ್ತವೆ ಎಂದು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ, ‘ಹಾಗಾದರೆ ಯುದ್ಧ ನಮಗೆ ಅವುಗಳಿಂದಲೇ ಬಂದದ್ದೇ?’ ಎಂದು ಕೇಳಿದಳು. ಅವಳ ಪಕ್ಕದವನು, ‘ಚಿಂಪಾಂಜಿಯನ್ನೇ ಹೋಲುವ ಬೊನೊಬೊಗಳು ಶಾಂತ ಸ್ವಭಾವದವಂತೆ. ನಾವು ಅವುಗಳಿಂದ ಬಂದಿರಬಾರದೇಕೆ?’ ಎಂದ. ಇಬ್ಬರಿಗೂ ಸರಿಯಾಗಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಆದಿಮಾನವರ ಸ್ವಭಾವ ಎಂಥದ್ದಿತ್ತು ಎಂದು ಈಗಿನ ವಾನರಗಳನ್ನು ನೋಡಿ ಹೇಳಬಹುದೇ?

ಉತ್ತರ: ಮಕ್ಕಳಿಬ್ಬರೂ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ. ಆದರೆ ಇಬ್ಬರೂ ಎಡವಿರುವುದು ಒಂದೇ ಪದದಲ್ಲಿ: ‘ಅವುಗಳಿಂದ’. ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿದ್ದ ಒಂದು ವಾನರ ಕುಲ ಎರಡಾಗಿ ಕವಲೊಡೆಯಿತು. ಒಂದು ಕವಲಿನ ತುದಿಯಲ್ಲಿ ನಾವಿದ್ದೇವೆ. ಇನ್ನೊಂದು ಕವಲು ತೀರಾ ಈಚೆಗೆ, 10ರಿಂದ 20 ಲಕ್ಷ ವರ್ಷಗಳ ಹಿಂದೆಯಷ್ಟೇ, ಮತ್ತೆ ಒಡೆಯಿತು. ಕಾಂಗೋ ನದಿಯ ಉತ್ತರಕ್ಕಿದ್ದವು ಚಿಂಪಾಂಜಿಗಳಾದವು, ದಕ್ಷಿಣಕ್ಕಿದ್ದವು ಬೊನೊಬೊಗಳಾದವು. ಹೀಗಾಗಿ ಅವೆರಡೂ ಒಡಹುಟ್ಟಿದವು, ನಾವು ಇಬ್ಬರಿಗೂ ದೊಡ್ಡಪ್ಪನ ಮಕ್ಕಳು. ಎರಡರಲ್ಲಿ ಯಾವುದೂ ನಮಗೆ ಹೆಚ್ಚು ಹತ್ತಿರವಲ್ಲ. 2005ರಲ್ಲಿ ಚಿಂಪಾಂಜಿಯ, 2012ರಲ್ಲಿ ಬೊನೊಬೊದ ಪೂರ್ಣ ಡಿಎನ್‌ಎ ಓದಿದಾಗಲೂ ನಮಗೂ ಅವುಗಳಿಗೂ ಇರುವ ಅಂತರ ಎರಡೂ ಸಲ ಹೆಚ್ಚು ಕಡಿಮೆ ಅಷ್ಟೇ ಬಂತು: ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು.

ಇನ್ನೊಂದು ಮಾತನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನಾವು ಬದಲಾಗುತ್ತಾ ಬಂದ ಅಷ್ಟೂ ಕಾಲ ಚಿಂಪಾಂಜಿಗಳೇನೂ ಹಾಗೇ ಕೂತಿರಲಿಲ್ಲ, ಅವೂ ಬದಲಾದವು. ಹೇಗೆ ಬದಲಾದವು ಎಂಬುದಕ್ಕೆ ಸಾಕ್ಷಿ ಮಾತ್ರ ಬಹಳ ಕಡಿಮೆ, ಏಕೆಂದರೆ ಮಳೆಕಾಡಿನ ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ. ಚಿಂಪಾಂಜಿಯ ಪಳೆಯುಳಿಕೆ ಎಂದು ಮೊದಲ ಬಾರಿಗೆ ವರದಿಯಾದದ್ದು 2005ರಲ್ಲಿ. ಕೀನ್ಯಾದಲ್ಲಿ ಸಿಕ್ಕ, ಸುಮಾರು ಐದೂವರೆ ಲಕ್ಷ ವರ್ಷ ಹಳೆಯ ಕೆಲವೇ ಹಲ್ಲುಗಳು ಅವು. ಮನುಷ್ಯ ಕವಲಿನ ಪಳೆಯುಳಿಕೆಗಳು ಇಂದು ಕಪಾಟುಗಟ್ಟಲೆ ಇವೆ. ದಾಯಾದಿಯದ್ದು ಬೆರಳೆಣಿಕೆಯ ಹಲ್ಲುಗಳು. ಆದ್ದರಿಂದ 60 ಲಕ್ಷ ವರ್ಷಗಳ ಹಿಂದಿನ ಚಿಂಪಾಂಜಿ ಇಂದಿನ ಚಿಂಪಾಂಜಿಯಂತೆಯೇ ಇತ್ತು ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಎತ್ತು ಈಯಿತು ಎಂದೊಡನೆ ಹಗ್ಗ ಹುಡುಕಲು ಹೋಗಬೇಡಿ.

ಈಗ ಕೊಲೆಯ ವಿಷಯಕ್ಕೆ ಬರೋಣ. ಜೇನ್ ಗುಡಾಲ್ 1960ರಲ್ಲಿ ಟಾಂಜಾನಿಯಾದ ಗೊಂಬೆ ಕಾಡಿಗೆ ಹೋದರು. ಮೊದಲ ವರ್ಷಗಳಲ್ಲಿ ಅವರು ಕಂಡ ಚಿಂಪಾಂಜಿಗಳು ಗೆದ್ದಲಹುತ್ತಕ್ಕೆ ಕಡ್ಡಿ ತೂರಿಸಿ ಹುಳು ಹಿಡಿಯುವ, ಪರಸ್ಪರ ಮೈ ಹೆಕ್ಕುವ, ಒಟ್ಟಾರೆ ಸಜ್ಜನ ಪ್ರಾಣಿಗಳಾಗಿದ್ದವು. ಎಪ್ಪತ್ತರ ದಶಕದ ಆರಂಭದಲ್ಲಿ ಆ ಗುಂಪು ಎರಡಾಯಿತು. 1974ರ ಜನವರಿಯಲ್ಲಿ ಒಂದು ದಿನ ಉತ್ತರದ ಗುಂಪಿನ ಎಂಟು ಚಿಂಪಾಂಜಿಗಳು ಸದ್ದು ಮಾಡದೆ ದಕ್ಷಿಣಕ್ಕೆ ನಡೆದವು. ಚಿಂಪಾಂಜಿಗಳನ್ನು ಬಲ್ಲವರಿಗೆ ಈ ಮೌನವೇ ಮೈ ನಡುಗಿಸುವಂಥದ್ದು, ಏಕೆಂದರೆ ಮಾಮೂಲಿ ದಿನಗಳಲ್ಲಿ ಅವುಗಳ ಗದ್ದಲ ಕಾಡನ್ನೇ ತುಂಬಿರುತ್ತದೆ. ದಕ್ಷಿಣದ ಗುಂಪಿನ ಗೊಡಿ ಎಂಬ ಗಂಡು ಒಂಟಿಯಾಗಿ ಮರದ ಮೇಲೆ ತಿನ್ನುತ್ತಾ ಕೂತಿತ್ತು. ಅದು ಇಳಿದು ಓಡುವಷ್ಟರಲ್ಲಿ ಒಂದು ಗಂಡು ಅದರ ಕಾಲು ಹಿಡಿದು ಕೆಡವಿ, ತಲೆಯ ಮೇಲೆ ಕೂತು, ಎರಡೂ ಕೈಗಳಿಂದ ಕಾಲುಗಳನ್ನು ಅದುಮಿ ಹಿಡಿಯಿತು. ಉಳಿದವು ಹತ್ತು ನಿಮಿಷ ಹೊಡೆದವು, ಕಚ್ಚಿದವು. ಆಮೇಲೆ ಗೊಡಿ ಯಾರ ಕಣ್ಣಿಗೂ ಬೀಳಲಿಲ್ಲ. 1978ರ ಹೊತ್ತಿಗೆ ದಕ್ಷಿಣದ ಗುಂಪೇ ಇಲ್ಲವಾಯಿತು. ಸತ್ತವು ಕೊಂದವುಗಳಿಗೆ ಅಪರಿಚಿತವಾಗಿರಲಿಲ್ಲ. ಕೆಲವೇ ವರ್ಷಗಳ ಹಿಂದೆ ಒಂದೇ ಗುಂಪಿನಲ್ಲಿ ಮೈ ಹೆಕ್ಕಿಕೊಂಡಿದ್ದವು ಅವು.

ಗೊಂಬೆಯಲ್ಲಿ ಸಂಶೋಧಕರು ಬಾಳೆಹಣ್ಣು ಹಾಕುತ್ತಿದ್ದರು, ಅದರಿಂದಲೇ ಪೈಪೋಟಿ ಹೆಚ್ಚಿ ಹೀಗಾಯಿತು ಎಂಬ ವಾದ ಬಹಳ ಕಾಲ ನಡೆಯಿತು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ 2014ರಲ್ಲಿ ಆಫ್ರಿಕಾದ ಬೇರೆ ಬೇರೆ ಕಡೆಗಳಲ್ಲಿ ದಶಕಗಟ್ಟಲೆ ಗಮನಿಸಿದ 18 ಚಿಂಪಾಂಜಿ ಸಮುದಾಯಗಳ ದಾಖಲೆಗಳನ್ನು ಒಟ್ಟುಗೂಡಿಸಿದಾಗ 152 ಕೊಲೆಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ 58 ಕಣ್ಣಾರೆ ಕಂಡವು, ಉಳಿದವು ಕಳೇಬರದಿಂದಲೋ ಕಣ್ಮರೆಯಿಂದಲೋ ಊಹಿಸಿದವು. ಮನುಷ್ಯರ ಹಸ್ತಕ್ಷೇಪ ಹೆಚ್ಚಿದ್ದ ಕಡೆ ಕೊಲೆಯೂ ಹೆಚ್ಚು ಎಂಬ ನಂಟು ಕಾಣಲಿಲ್ಲ. ಅದೇ ಅಧ್ಯಯನದ 4 ಬೊನೊಬೊ ಸಮುದಾಯಗಳಲ್ಲಿ ಅನುಮಾನಕ್ಕೆ ಎಡೆಕೊಟ್ಟದ್ದು ಒಂದೇ ಒಂದು ಸಾವು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಕಿ: ನೆರೆಗುಂಪಿನ ಮೇಲಿನ ದಾಳಿಗಳಲ್ಲಿ ದಾಳಿಕೋರರು ಮತ್ತು ಬಲಿಯಾದವರ ಅನುಪಾತ ಸಾಮಾನ್ಯವಾಗಿ ಎಂಟಕ್ಕೆ ಒಂದು. ಎಂಟು ಜನ ಸೇರಿ ಒಬ್ಬನನ್ನು ಹಿಡಿದರೆ ಹೊಡೆಯುವವರಿಗೆ ಗಾಯವಾಗುವ ಭಯವಿಲ್ಲ. ಚಿಂಪಾಂಜಿಗಳು ಹಣ್ಣು ಹುಡುಕುತ್ತಾ ಚದುರಿ ಓಡಾಡುವುದರಿಂದ ಒಂಟಿಯಾಗಿ ಸಿಕ್ಕಿಬೀಳುವುದೂ ಸುಲಭ. ಹಾಗಾಗಿ ಇದನ್ನು ‘ಕ್ರೂರ ಸ್ವಭಾವ’ ಎನ್ನುವುದಕ್ಕಿಂತ ಸೋವಿಯಲ್ಲಿ ಸಿಕ್ಕ ಅವಕಾಶ ಎನ್ನುವುದು ಹೆಚ್ಚು ನಿಜ.

ಬೊನೊಬೊಗಳ ಸಾಧುತನದ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ಅವುಗಳಲ್ಲಿ ಹೆಣ್ಣುಗಳು ಒಗ್ಗಟ್ಟಾಗಿ ನಿಂತು ಗಂಡುಗಳನ್ನು ಹದ್ದುಬಸ್ತಿನಲ್ಲಿಡುತ್ತವೆ, ಎರಡು ಗುಂಪುಗಳು ಎದುರಾದರೆ ಒಟ್ಟಿಗೆ ಕೂತು ತಿನ್ನುವುದೂ ಉಂಟು. ಇದೆಲ್ಲ ಸರಿಯೇ. ಆದರೆ 2024ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಕಾಂಗೋದ ಕೊಕೊಲೊಪೊರಿ ಕಾಡಿನ ಗಂಡು ಬೊನೊಬೊಗಳು ಗೊಂಬೆಯ ಗಂಡು ಚಿಂಪಾಂಜಿಗಳಿಗಿಂತ ಹೆಚ್ಚು ಸಲ ಜಗಳವಾಡುತ್ತಿದ್ದುದು ಕಂಡುಬಂತು. ವ್ಯತ್ಯಾಸವೆಂದರೆ ಬೊನೊಬೊ ಜಗಳ ಒಬ್ಬನಿಗೆ ಒಬ್ಬ. ಗಂಡುಗಳು ಕೂಟ ಕಟ್ಟುವುದು ಅಪರೂಪ, ಆದ್ದರಿಂದ ಜಗಳ ಸಾಮಾನ್ಯವಾಗಿ ಹೆಣ ಬೀಳುವವರೆಗೆ ಹೋಗುವುದಿಲ್ಲ.

ಇಷ್ಟು ಓದಿದ ಮೇಲೆ ಎರಡರಲ್ಲಿ ಒಂದನ್ನು ನಮ್ಮ ಪೂರ್ವಜರ ಕನ್ನಡಿಯಾಗಿ ಆರಿಸಿಕೊಳ್ಳಬೇಕು ಅನ್ನಿಸಿದರೆ, ಹಿಂದೆ ಹಾಗೆ ಆರಿಸಿಕೊಂಡವರ ಗತಿ ಏನಾಯಿತೆಂದು ನೋಡುವುದು ಒಳ್ಳೆಯದು. 1925ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಒಂದು ಕೃತಕ ಬಂಡೆಗುಡ್ಡ ಕಟ್ಟಿ ಹಮದ್ರಿಯಾಸ್ ಬಬೂನು ಎಂಬ ಸುಮಾರು ನೂರು ದೊಡ್ಡ ಮಂಗಗಳನ್ನು ಬಿಟ್ಟರು. ಬಹುತೇಕ ಎಲ್ಲವೂ ಗಂಡು, ಹೆಣ್ಣು ಕೆಲವೇ ಕೆಲವು. ಮುಂದೆ ವರ್ಷಗಟ್ಟಲೆ ನಡೆದದ್ದು ಮಾರಣಹೋಮ, ಸತ್ತವುಗಳಲ್ಲಿ ಹೆಣ್ಣುಗಳೂ ಇದ್ದವು. ಇದನ್ನು ನೋಡಿ ವಾನರ ಸಮಾಜ ಎಂದರೆ ಕಾಮ ಮತ್ತು ಕಲಹದ ಮೇಲೆ ನಿಂತದ್ದು ಎಂಬ ತೀರ್ಮಾನ ಹುಟ್ಟಿತು. ಅರವತ್ತರ ದಶಕದಲ್ಲಿ ಹಾನ್ಸ್ ಕುಮ್ಮರ್ ಎಂಬ ವಿಜ್ಞಾನಿ ಇಥಿಯೋಪಿಯಾದಲ್ಲಿ ಅದೇ ಬಬೂನುಗಳನ್ನು ಅವುಗಳ ನೆಲದಲ್ಲೇ ನೋಡಿದರು. ಅಲ್ಲಿ ಒಂದು ಗಂಡು, ಅದರ ಕೆಲವು ಹೆಣ್ಣುಗಳು, ಮರಿಗಳು ಎಂಬ ಚಿಕ್ಕ ಸಂಸಾರಗಳಿದ್ದವು. ಒಂದರ ಸಂಗಾತಿಗೆ ಇನ್ನೊಂದು ಗಂಡು ಸುಲಭವಾಗಿ ಕೈ ಹಾಕುತ್ತಿರಲಿಲ್ಲ. ಲಂಡನ್ನಿನಲ್ಲಿ ಕಂಡದ್ದು ಬಬೂನಿನ ಸ್ವಭಾವಕ್ಕಿಂತ ಹೆಚ್ಚಾಗಿ ಮೃಗಾಲಯದವರ ಲೆಕ್ಕ ತಪ್ಪಿದ್ದು.

ಪಳೆಯುಳಿಕೆಗಳ ಕಡೆಯೂ ಇಂಥದ್ದೇ ಪ್ರಸಂಗವಿದೆ, ಅದು ನನಗೆ ಬಹಳ ಇಷ್ಟ. 1925ರಲ್ಲಿ ದಕ್ಷಿಣ ಆಫ್ರಿಕಾದ ‘ಟಾಂಗ್ ಮಗು’ ಎಂಬ ಆದಿಮಾನವ ಕೂಸಿನ ತಲೆಬುರುಡೆಯನ್ನು ಲೋಕಕ್ಕೆ ಪರಿಚಯಿಸಿದ ರೇಮಂಡ್ ಡಾರ್ಟ್, ಮುಂದೆ ಗುಹೆಗಳಲ್ಲಿ ಸಿಕ್ಕ ಒಡೆದ ಮೂಳೆಗಳನ್ನು ನೋಡಿ ನಮ್ಮ ಪೂರ್ವಜರು ಮೂಳೆಯನ್ನೇ ಆಯುಧ ಮಾಡಿಕೊಂಡ ಕೊಲೆಗಡುಕ ವಾನರರು ಎಂದು ಸಾರಿದರು. ಎರಡನೇ ಮಹಾಯುದ್ಧದ ನೆನಪು ಹಸಿಯಾಗಿದ್ದ ಕಾಲ. ಮಾತು ಜನರ ತಲೆಗೆ ಬೇಗ ಹತ್ತಿತು. ಬಾಬ್ ಬ್ರೇನ್ ಎಂಬ ವಿಜ್ಞಾನಿ ಮಾತ್ರ ಅದೇ ಬಗೆಯ ಮೂಳೆಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಪರೀಕ್ಷಿಸಿದರು. ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ, ನಮ್ಮ ಕವಲಿನ ಎಳೆಯ ಜೀವಿಯೊಂದರ ತಲೆಬುರುಡೆಯ ಹಿಂಭಾಗದಲ್ಲಿ ಎರಡು ದುಂಡನೆಯ ತೂತುಗಳಿದ್ದವು. ಬ್ರೇನ್ ಒಂದು ಚಿರತೆಯ ಕೆಳದವಡೆಯನ್ನು ತಂದು ಅದರ ಎರಡು ಕೋರೆಗಳನ್ನು ಆ ತೂತುಗಳಿಗೆ ಹಿಡಿದರು. ಸರಿಯಾಗಿ ಕೂತವು. ಚಿರತೆ ತಲೆಯನ್ನು ಕಚ್ಚಿ ಎಳೆದೊಯ್ದ ಗುರುತು ಅದು. ಟಾಂಗ್ ಮಗುವಿನ ಬುರುಡೆಯ ಮೇಲಿನ ಗಾಯಗಳೂ ದೊಡ್ಡ ಹದ್ದಿನ ಕೊಕ್ಕು ಮತ್ತು ಉಗುರುಗಳವು ಎಂದು ಆಮೇಲೆ ತಿಳಿಯಿತು. ಬೇಟೆಗಾರರೆಂದು ಹೆಸರಾದವರು ಯಾರದೋ ಊಟವಾಗಿದ್ದರು.

ಹಾಗಾದರೆ ವಾನರಗಳನ್ನು ನೋಡುವುದೇ ವ್ಯರ್ಥವೇ? ಇಲ್ಲ, ಆದರೆ ಕ್ರಮ ಬದಲಾಗಬೇಕು. ಮೊದಲು ನಮ್ಮ ಕವಲಿನ ಮೂಳೆಯನ್ನು ಕೇಳಬೇಕು. ಮೂಳೆ ಏನನ್ನೋ ಹೇಳಿದಾಗ, ಅದರ ಅರ್ಥ ತಿಳಿಯಲು ಒಂದೆರಡಲ್ಲ, ಹತ್ತಾರು ಬಗೆಯ ಮಂಗ ಮತ್ತು ವಾನರಗಳ ಕಡೆ ತಿರುಗಬೇಕು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಎಲ್ಲಕ್ಕಿಂತ ಚೆನ್ನಾಗಿ ಉತ್ತರ ಕೊಡುವುದು ಕೋರೆಹಲ್ಲು.

ಗಂಡು ಚಿಂಪಾಂಜಿಯ ಮೇಲಿನ ಕೋರೆಹಲ್ಲು ಉದ್ದವಾದ ಬಾಕು. ಬಾಯಿ ಮುಚ್ಚಿದಾಗಲೆಲ್ಲ ಅದರ ಹಿಂಬದಿ ಕೆಳದವಡೆಯ ಪಕ್ಕದ ಹಲ್ಲಿಗೆ ಉಜ್ಜಿ ತಾನಾಗಿಯೇ ಹರಿತವಾಗುತ್ತದೆ. ಬಾಯಲ್ಲೇ ಸಾಣೆಕಲ್ಲು ಇಟ್ಟುಕೊಂಡು ಹುಟ್ಟಿದ ಪ್ರಾಣಿ. ಈಗ ನಿಮ್ಮ ನಾಲಿಗೆಯ ತುದಿಯಿಂದ ನಿಮ್ಮದೇ ಕೋರೆಹಲ್ಲನ್ನು ಮುಟ್ಟಿ ನೋಡಿ: ಅಕ್ಕಪಕ್ಕದ ಹಲ್ಲುಗಳ ಮಟ್ಟಕ್ಕಿಂತ ಒಂದು ಕೂದಲಷ್ಟು ಹೆಚ್ಚು, ತುದಿ ಮೊಂಡು. ಗಂಡು ಹೆಣ್ಣಿನ ನಡುವೆಯೂ ವ್ಯತ್ಯಾಸ ಅತ್ಯಲ್ಪ.

ಹಲ್ಲು ಯಾವಾಗ ಚಿಕ್ಕದಾಯಿತು ಎಂಬುದೇ ಕುತೂಹಲದ ಸಂಗತಿ. ಇಥಿಯೋಪಿಯಾದಲ್ಲಿ ಸಿಕ್ಕು 2009ರಲ್ಲಿ ವಿವರವಾಗಿ ಪ್ರಕಟವಾದ ಆರ್ಡಿಪಿಥೆಕಸ್ ರಾಮಿಡಸ್ ಎಂಬ ನಮ್ಮ ಕವಲಿನ ಜೀವಿ 44 ಲಕ್ಷ ವರ್ಷ ಹಳೆಯದು. ಸುಮಾರು ಇಪ್ಪತ್ತು ಜೀವಿಗಳ ಕೋರೆಹಲ್ಲುಗಳು ದೊರೆತಿವೆ. ಒಂದರಲ್ಲೂ ಬಾಕು ಇಲ್ಲ, ಸಾಣೆಯ ಗುರುತಿಲ್ಲ. ಚಾಡ್ ದೇಶದ ಮರಳುಗಾಡಿನಲ್ಲಿ 2001ರಲ್ಲಿ ಸಿಕ್ಕ, 70 ಲಕ್ಷ ವರ್ಷಗಳಷ್ಟು ಹಿಂದಿನದೆನ್ನಲಾದ ಸಹೆಲಾಂತ್ರೋಪಸ್‌ನ ಕೋರೆಹಲ್ಲು ಕೂಡ ಚಿಕ್ಕದೇ, ಸವೆದಿರುವುದು ತುದಿಯಲ್ಲಿ. ಇವುಗಳ ಮಿದುಳು ಹೆಚ್ಚೆಂದರೆ ಚಿಂಪಾಂಜಿಯದಷ್ಟು, 300ರಿಂದ 400 ಘನ ಸೆಂಟಿಮೀಟರಿನ ಆಸುಪಾಸು. ನಮಗೆ ತಿಳಿದಿರುವ ಅತಿ ಹಳೆಯ ಕಲ್ಲಿನ ಹತ್ಯಾರುಗಳು, ಕೀನ್ಯಾದ ಲೊಮೆಕ್ವಿಯವು, 33 ಲಕ್ಷ ವರ್ಷದವು. ಅಂದರೆ ದೊಡ್ಡ ಮಿದುಳು ಬರುವ, ಕಲ್ಲು ಕೈಗೆತ್ತಿಕೊಳ್ಳುವ ಎಷ್ಟೋ ಮೊದಲೇ ನಮ್ಮ ಕವಲು ಬಾಯಿಯ ಆಯುಧವನ್ನು ಕೆಳಗಿಟ್ಟಿತ್ತು.

ಡಾರ್ವಿನ್ 1871ರಲ್ಲಿ ಇದನ್ನು ಬೇರೆ ಥರ ಊಹಿಸಿದ್ದರು: ಗಂಡುಗಳು ಕಲ್ಲು, ದೊಣ್ಣೆ ಹಿಡಿಯಲು ಕಲಿತ ಮೇಲೆ ಹಲ್ಲಿನ ಕೆಲಸ ಕಡಿಮೆಯಾಗಿ ಅದು ಕುಗ್ಗಿತು. ಮರದ ದೊಣ್ಣೆ ಮಣ್ಣಾಗಿ ಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ ಎಂದು ಅವರ ಪರವಾಗಿ ವಾದಿಸಲು ಜಾಗವಿದೆ. ಆದರೆ ಚಿಂಪಾಂಜಿಗಳೂ ಕೊಂಬೆ ಬೀಸುತ್ತವೆ, ಕಲ್ಲೆಸೆಯುತ್ತವೆ. ಅವುಗಳ ಕೋರೆಹಲ್ಲೇನೂ ಅದರಿಂದ ಕುಗ್ಗಿಲ್ಲ.

ಇಲ್ಲಿ ಬೇರೆ ಮಂಗಗಳು ಉಪಯೋಗಕ್ಕೆ ಬರುತ್ತವೆ. ಹೆಣ್ಣುಗಳಿಗಾಗಿ ಗಂಡುಗಳ ಹೊಡೆದಾಟ ಜೋರಾಗಿರುವ ಕುಲಗಳಲ್ಲಿ ಸಾಮಾನ್ಯವಾಗಿ ಗಂಡಿನ ಕೋರೆಹಲ್ಲು ಹೆಣ್ಣಿನದಕ್ಕಿಂತ ಬಹಳ ದೊಡ್ಡದು. ಗಂಡು ಹೆಣ್ಣು ಜೋಡಿಯಾಗಿ ಬಾಳುವ ಗಿಬ್ಬನ್‌ಗಳಲ್ಲಿ ಇಬ್ಬರ ಹಲ್ಲೂ ಹೆಚ್ಚು ಕಡಿಮೆ ಸಮ. ಹೊಡೆದಾಟ ಎಂದರೆ ಎಂಥದ್ದು ಎಂಬುದು ಜಗತ್ತಿಗೆ ಗೊತ್ತಾದದ್ದು ಅರವತ್ತರ ದಶಕದಲ್ಲಿ, ಯುಕಿಮಾರು ಸುಗಿಯಾಮ ಎಂಬ ಜಪಾನಿ ವಿಜ್ಞಾನಿ ಧಾರವಾಡದ ಸುತ್ತಿನ ಮುಸುವಗಳನ್ನು ಗಮನಿಸಿದಾಗ. ಹೊರಗಿನ ಗಂಡುಗಳು ನುಗ್ಗಿ ಯಜಮಾನ ಗಂಡನ್ನು ಓಡಿಸಿದವು, ಒಂದು ಅಲ್ಲೇ ಉಳಿಯಿತು, ಗುಂಪಿನ ಹಸುಗೂಸುಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಮತ್ತೆ ಬೆದೆಗೆ ಬಂದವು. ಇದು ಜನಸಂದಣಿಯ ರೋಗ ಎಂದು ಅನೇಕರು ತಳ್ಳಿಹಾಕಿದರು. ಎಪ್ಪತ್ತರ ದಶಕದಲ್ಲಿ ಮೌಂಟ್ ಅಬುವಿನಲ್ಲಿ ಕೆಲಸ ಮಾಡಿದ ಸಾರಾ ಹರ್ಡಿ, ಇದು ಗಂಡಿಗೆ ಸಂತಾನಲಾಭ ತರುವ ನಡವಳಿಕೆ, ರೋಗವಲ್ಲ ಎಂದು ತೋರಿಸಿದರು. ಮುಂದೆ ಇನ್ನೂ ಎಷ್ಟೋ ಪ್ರಾಣಿಗಳಲ್ಲಿ ಅದೇ ಕಂಡಿತು.

ಇವೆರಡನ್ನೂ ಜೋಡಿಸಿದರೆ ಆರ್ಡಿಪಿಥೆಕಸ್‌ನ ಚಿಕ್ಕ ಹಲ್ಲು ಒಂದು ಮಾತನ್ನು ಸಾಕಷ್ಟು ಗಟ್ಟಿಯಾಗಿ ಹೇಳುತ್ತದೆ: ಆ ಸಮಾಜದಲ್ಲಿ ಗಂಡು ಗಂಡುಗಳ ನಡುವಿನ ಕಚ್ಚಾಟಕ್ಕೆ ಬೆಲೆ ಇಳಿದಿತ್ತು. ಏಕೆ ಇಳಿಯಿತು ಎಂಬುದಕ್ಕೆ ಓವೆನ್ ಲವ್‌ಜಾಯ್ ಎಂಬ ವಿಜ್ಞಾನಿ ಒಂದು ಸೊಗಸಾದ ಕಥೆ ಕಟ್ಟಿದ್ದಾರೆ: ಹೆಣ್ಣುಗಳು ಜಗಳಗಂಟ ಗಂಡುಗಳನ್ನು ಬಿಟ್ಟು ಆಹಾರ ತಂದುಕೊಡುವ ಗಂಡುಗಳನ್ನು ಆರಿಸಿದವು, ಕೈಯಲ್ಲಿ ಹೊತ್ತು ತರಬೇಕಾದ್ದರಿಂದ ಎರಡು ಕಾಲಿನ ನಡಿಗೆಯೂ ಬಂತು. ಎಲ್ಲ ಗಂಟುಗಳನ್ನೂ ಒಂದೇ ಎಳೆಗೆ ಬಿಡಿಸುವ ಕಥೆ ಎಂದ ಮೇಲೆ ನನಗೆ ಸ್ವಲ್ಪ ಅನುಮಾನ. ಹತ್ತು ಲಕ್ಷ ವರ್ಷಗಳ ಬಳಿಕ ಬಂದ, ‘ಲೂಸಿ’ ಎಂಬ ಪ್ರಸಿದ್ಧ ಪಳೆಯುಳಿಕೆಯ ಕುಲದವರಲ್ಲಿ ಗಂಡಿನ ದೇಹ ಹೆಣ್ಣಿನದಕ್ಕಿಂತ ಸಾಕಷ್ಟು ದೊಡ್ಡದಿತ್ತೆಂದು ಹಲವರ ಲೆಕ್ಕ. ಆಹಾರ ತರುವ ಸಾಧು ಗಂಡನಿಗೆ ಅಷ್ಟು ದೊಡ್ಡ ಮೈ ಏಕೆ? ಹಲ್ಲಿನ ಮಾತನ್ನು ನಂಬುತ್ತೇನೆ, ಸಂಸಾರದ ವಿವರಗಳನ್ನು ಇನ್ನೂ ನಂಬಿಲ್ಲ.

ಆರ್ಡಿಪಿಥೆಕಸ್‌ನ ಕೈಯೂ ಒಂದು ಪಾಠ ಹೇಳಿತು. ಚಿಂಪಾಂಜಿಯಂತೆ ಬೆರಳ ಗೆಣ್ಣುಗಳನ್ನು ನೆಲಕ್ಕೂರಿ ನಡೆದ ಗುರುತು ಅದರಲ್ಲಿ ಇಲ್ಲ. ಹಾಗಿದ್ದರೆ ಗೆಣ್ಣುನಡಿಗೆಯನ್ನು ಚಿಂಪಾಂಜಿಗಳೇ ಆಮೇಲೆ ರೂಢಿಸಿಕೊಂಡಿರಬಹುದು. ಗೆಣ್ಣೂರಿದ ಚಿಂಪಾಂಜಿ ಹಂತ ಹಂತವಾಗಿ ಎದ್ದು ನಿಂತು ಮನುಷ್ಯನಾಗುವ ಆ ಪ್ರಸಿದ್ಧ ಮೆರವಣಿಗೆಯ ಚಿತ್ರ ನಿಮ್ಮ ತರಗತಿಯ ಗೋಡೆಯ ಮೇಲಿದ್ದರೆ ದಯವಿಟ್ಟು ತೆಗೆಸಿ.

ಕೋರೆಹಲ್ಲು ಇಲ್ಲವಾಯಿತು ಎಂದರೆ ಕೊಲೆ ನಿಂತಿತು ಎಂದಲ್ಲ. ಸ್ಪೇನಿನ ಒಂದು ಗುಹಾಕೂಪದಲ್ಲಿ ಸಿಕ್ಕ, 4,30,000 ವರ್ಷ ಹಳೆಯ ಬುರುಡೆಯ ಹಣೆಯಲ್ಲಿ ಒಂದೇ ಆಯುಧದಿಂದ ಬಿದ್ದಂತಿರುವ ಎರಡು ಏಟಿನ ಗುರುತುಗಳಿವೆ. ಗುಂಪು ಗುಂಪಿನ ಮೇಲೆ ಬಿದ್ದ ಸ್ಪಷ್ಟ ಸಾಕ್ಷಿ ಮಾತ್ರ ಬಹಳ ಈಚಿನದು: ಸುಡಾನಿನ ಜೆಬೆಲ್ ಸಹಾಬಾ ಸ್ಮಶಾನ ಸುಮಾರು 13,000 ವರ್ಷ, ಕೀನ್ಯಾದ ನಟಾರುಕ್ ಸುಮಾರು 10,000 ವರ್ಷ. ರಿಚರ್ಡ್ ರ‍್ಯಾಂಗಮ್ ಎಂಬ ವಾನರ ಸಂಶೋಧಕರು ಇಲ್ಲೊಂದು ಉಪಯುಕ್ತ ಭೇದ ಮಾಡುತ್ತಾರೆ. ಕೆರಳಿ ಮೈಮೇಲೆ ಬೀಳುವುದು ಬೇರೆ, ತಣ್ಣಗೆ ಯೋಚಿಸಿ ಹೊಂಚು ಹಾಕುವುದು ಬೇರೆ. ಮೊದಲನೆಯದರಲ್ಲಿ ನಾವು ಚಿಂಪಾಂಜಿ, ಬೊನೊಬೊ ಎರಡಕ್ಕಿಂತಲೂ ಎಷ್ಟೋ ಸೌಮ್ಯ. ಎರಡನೆಯದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಯುದ್ಧ ಈ ಎರಡನೆಯ ಜಾತಿಗೆ ಸೇರಿದ್ದು. ಅದಕ್ಕೆ ಭಾಷೆ ಬೇಕು, ಯೋಜನೆ ಬೇಕು, ಮಾತಿಗೆ ತಲೆದೂಗುವ ಜೊತೆಗಾರರು ಬೇಕು.

ಅದೇ ಜೊತೆಗಾರಿಕೆಯ ಇನ್ನೊಂದು ಮುಖವನ್ನೂ ಮಕ್ಕಳಿಗೆ ತೋರಿಸಿ. ಚಿಂಪಾಂಜಿ ತಾಯಿ ಮೊದಲ ತಿಂಗಳುಗಳಲ್ಲಿ ಮರಿಯನ್ನು ಬೇರೆಯವರ ಕೈಗೆ ಕೊಡುವುದೇ ಇಲ್ಲವೆನ್ನಬಹುದು. ಮುಂದಿನ ಮರಿಗೆ ಐದಾರು ವರ್ಷ ಬೇಕು. ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಮನುಷ್ಯ ಸಮುದಾಯಗಳಲ್ಲಿ ಹೆರಿಗೆಯ ಅಂತರ ಮೂರು ವರ್ಷದ ಆಸುಪಾಸು, ಅದೂ ಹಿಂದಿನ ಮಗು ಇನ್ನೂ ಸ್ವಂತ ಆಹಾರ ಹುಡುಕಲಾರದ ಸ್ಥಿತಿಯಲ್ಲಿರುವಾಗ. ಇದು ಸಾಧ್ಯವಾಗುವುದು ಅಜ್ಜಿ, ಚಿಕ್ಕಮ್ಮ, ಅಕ್ಕ, ಅಪ್ಪ ಕೈ ಜೋಡಿಸಿದಾಗ ಮಾತ್ರ. ಮುಸುವಗಳ ಶಿಶುಹತ್ಯೆಯನ್ನು ಅರ್ಥಮಾಡಿಸಿದ ಅದೇ ಹರ್ಡಿ, ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದರಲ್ಲಿ ಕೂಸನ್ನು ಹತ್ತು ಕೈಗಳು ಎತ್ತಿಕೊಂಡದ್ದರ ಪಾಲು ದೊಡ್ಡದು ಎಂದು ಮುಂದೆ ವಾದಿಸಿದರು. ಜಾರ್ಜಿಯಾದ ದ್ಮನಿಸಿಯಲ್ಲಿ ಸುಮಾರು 18 ಲಕ್ಷ ವರ್ಷ ಹಳೆಯ ಒಂದು ಬುರುಡೆ ಇದೆ. ಸಾಯುವ ವರ್ಷಗಳ ಮೊದಲೇ ಹೆಚ್ಚು ಕಡಿಮೆ ಎಲ್ಲ ಹಲ್ಲುಗಳೂ ಉದುರಿ, ಒಸಡಿನ ಮೂಳೆ ಕೂಡಿಕೊಂಡಿದೆ. ಹಲ್ಲಿಲ್ಲದೆ ಆ ಜೀವ ಅಷ್ಟು ಕಾಲ ಹೇಗೆ ಬದುಕಿತು? ಮೃದುವಾದದ್ದನ್ನು ತಾನೇ ಹುಡುಕಿ ತಿಂದಿರಬಹುದು, ಯಾರೋ ಜಜ್ಜಿ ಕೊಟ್ಟಿರಲೂಬಹುದು.

ಹುಡುಗಿಯ ಪ್ರಶ್ನೆಯ ಹಿಂದಿರುವ, ಜಗಳ ರಕ್ತದಲ್ಲೇ ಬಂದದ್ದೇ ಎಂಬ ಮಾತು ಬಾಕಿ ಉಳಿಯಿತು. ಕೀನ್ಯಾದಲ್ಲಿ ರಾಬರ್ಟ್ ಸಪೋಲ್‌ಸ್ಕಿ ಗಮನಿಸುತ್ತಿದ್ದ ಒಂದು ಬಬೂನ್ ಗುಂಪಿನ ಜಗಳಗಂಟ ಗಂಡುಗಳು, ಪ್ರವಾಸಿ ವಸತಿಗೃಹವೊಂದರ ಕಸದ ಗುಂಡಿಗೆ ಹೋಗಿ ಪಕ್ಕದ ಗುಂಪಿನೊಡನೆ ಹೊಡೆದಾಡಿ ತಿನ್ನುತ್ತಿದ್ದವು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿ ಎಸೆದ ಮಾಂಸದಿಂದ ಕ್ಷಯ ತಗಲಿ ಅವೆಲ್ಲ ಸತ್ತವು. ಉಳಿದದ್ದು ಹೆಣ್ಣುಗಳು ಮತ್ತು ಮೆತ್ತಗಿನ ಗಂಡುಗಳು, ಗುಂಪು ಶಾಂತವಾಯಿತು. ಬಬೂನುಗಳಲ್ಲಿ ಗಂಡು ಪ್ರಾಯಕ್ಕೆ ಬಂದಾಗ ಹುಟ್ಟಿದ ಗುಂಪನ್ನು ಬಿಟ್ಟು ಹೋಗುತ್ತದೆ. ಹತ್ತು ವರ್ಷದ ಮೇಲೆ ನೋಡಿದರೆ ಆ ಹಳೆಯ ಗಂಡುಗಳಲ್ಲಿ ಒಂದೂ ಅಲ್ಲಿರಲಿಲ್ಲ, ಇದ್ದವೆಲ್ಲ ಬೇರೆ ಬೇರೆ ಒರಟು ಗುಂಪುಗಳಲ್ಲಿ ಬೆಳೆದು ಆಮೇಲೆ ಬಂದು ಸೇರಿದವು. ಗುಂಪು ಮಾತ್ರ ಹಾಗೇ ಶಾಂತವಾಗಿತ್ತು. ಹೊಸಬರನ್ನು ಅಲ್ಲಿನ ಹೆಣ್ಣುಗಳು ಬೇರೆ ಕಡೆಗಿಂತ ಬೇಗ ಹತ್ತಿರ ಸೇರಿಸಿಕೊಂಡು ಮೈ ಹೆಕ್ಕುತ್ತಿದ್ದವು.

ಸಾಧ್ಯವಾದರೆ ತರಗತಿಯಲ್ಲಿ ಹೀಗೆ ಮಾಡಿ. ಗಂಡು ಚಿಂಪಾಂಜಿಯ ದವಡೆಯ ಚಿತ್ರವನ್ನೂ ಆರ್ಡಿಪಿಥೆಕಸ್‌ನ ದವಡೆಯ ಚಿತ್ರವನ್ನೂ ಅಕ್ಕಪಕ್ಕ ಅಂಟಿಸಿ, ವಯಸ್ಸನ್ನು ಕೆಳಗೆ ಬರೆಯಿರಿ, ಮಕ್ಕಳು ತಮ್ಮ ಕೋರೆಹಲ್ಲನ್ನು ಮುಟ್ಟಿ ನೋಡಲಿ. ಆಮೇಲೆ ಆ ಹುಡುಗಿಗೇ ಕೇಳಿ: ಬಾಕು ಇಲ್ಲದ ಈ ಬಾಯಿ ಇಟ್ಟುಕೊಂಡು, ಕಲ್ಲು ಕಡಿಯಲೂ ಬಾರದ ಹತ್ತು ಲಕ್ಷ ವರ್ಷ ಇವರು ಚಿರತೆಗಳ ನಡುವೆ ಹೇಗೆ ಉಳಿದುಕೊಂಡರು?